ಕಣದಲ್ಲಿ ಸವೆದ ದವಡೆ

ನಮ್ಮ ಎಸ್ಟೇಟಿನ ಕಣದಲ್ಲಿ ಪಾರ್ಚ್‌ಮೆಂಟ್ ಒಣಗಿದೆಯೋ ಇಲ್ಲವೋ ಎಂದು ಹೇಳುವವನು ನಾನು. ಹೇಳುತ್ತಿದ್ದವನು ಎಂದು ಬರೆಯಬೇಕು, ಕೈ ಇನ್ನೂ ಹಳೆಯ ರೂಢಿಯಲ್ಲೇ ಇದೆ. ಕಾಫಿ ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು, ತೊಳೆದು, ಕಣದಲ್ಲಿ ಹರಡಿದ ಬೀಜಕ್ಕೆ ನಾವು ಪಾರ್ಚ್‌ಮೆಂಟ್ ಅನ್ನುತ್ತೇವೆ. ಮೇಲೆ ಒಂದು ತೆಳು ಹೊಟ್ಟು, ಒಳಗೆ ಬೀಜ. ಹಸಿ ಇದ್ದಾಗ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಜಾಸ್ತಿ ಒಣಗಿಸಿದರೆ ತೂಕವೂ ಹೋಯಿತು, ಬೀಜವೂ ಒಡೆಯಿತು. ನಡುವೆ ಒಂದು ಹದ ಇದೆ. ಆ ಹದ ನನ್ನ ಬಲಗಡೆಯ ದವಡೆಹಲ್ಲಿಗೆ ಗೊತ್ತಿತ್ತು.

ಮೊದಲ ದಿನದ ಬೀಜ ಕಚ್ಚಿದರೆ ಬೇಯಿಸಿದ ಹಲಸಿನ ಬೀಜಕ್ಕೆ ಇಳಿದ ಹಾಗೆ ಹಲ್ಲು ಇಳಿಯುತ್ತದೆ. ಕೆಲವು ಬಿಸಿಲು ಕಂಡ ಮೇಲೆ ಬೀಜ ರಬ್ಬರಿನಂತೆ ಜಗ್ಗುತ್ತದೆ, ಹಲ್ಲಿನ ಗುರುತು ಮಾತ್ರ ಬೀಳುತ್ತದೆ. ಹದಕ್ಕೆ ಬಂದ ಬೀಜದ ಮೇಲೆ ಗುರುತೂ ಬೀಳುವುದಿಲ್ಲ. ಸ್ವಲ್ಪ ಹೊತ್ತು ಹಲ್ಲಿಗೆ ಎದುರು ನಿಂತು ಆಮೇಲೆ ಒಂದೇ ಸಲಕ್ಕೆ ಎರಡಾಗುತ್ತದೆ. ಆ ಎದುರು ನಿಲ್ಲುವುದು ಎಷ್ಟು ಎನ್ನುವುದರಲ್ಲೇ ವಿದ್ಯೆ ಇರುವುದು. ಇದನ್ನು ನನಗೆ ಕಲಿಸಿದ್ದು ಅಪ್ಪ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ನಾನು ಅವನ ಹಿಂದೆ ಕಣಕ್ಕೆ ಬಂದೆ. ಶಾಲೆ ಬಿಟ್ಟದ್ದಕ್ಕೆ ನನಗೆ ಯಾವತ್ತೂ ನಾಚಿಕೆ ಆಗಿಲ್ಲ. ಓದಿದವರು ಬಂದು ಕಣದಲ್ಲಿ ನಿಂತು, "ಏನು, ಆಯ್ತಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಒಂದು ಬೀಜ ಬಾಯಿಗೆ ಹಾಕಿಕೊಂಡು, ಉಗಿದು, "ಇನ್ನೊಂದು ಬಿಸ್ಲು ಬೇಕು ಸಾವ್ಕಾರ್ರೇ" ಅಂದರೆ ಆ ದಿನ ಒಂದು ಚೀಲವೂ ಕಟ್ಟುತ್ತಿರಲಿಲ್ಲ.

ಆ ಕೆಲಸ ಉಳಿಸಿಕೊಳ್ಳುವುದೋ ಬಾಯಿ ಉಳಿಸಿಕೊಳ್ಳುವುದೋ ಎಂಬ ಮಾತು ಒಂದು ದಿನ ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಾಯಿ ಅನ್ನುವುದು ಉಳಿಸಿಕೊಳ್ಳಬೇಕಾದ ವಸ್ತು ಎಂದೇ ನನಗೆ ತಿಳಿದಿರಲಿಲ್ಲ.

ನಮ್ಮ ಕಡೆ ಗಂಡಸಿನ ಹಲ್ಲು ಒಂದು ಹತ್ಯಾರ. ಏಣಿ ಹತ್ತಿ, ಕಾಫಿಗೆ ನೆರಳು ಕೊಡುವ ಸಿಲ್ವರ್ ಮರದ ಕೊಂಬೆ ಸವರುವಾಗ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ಕೈ ಬದಲಿಸಬೇಕಾದರೆ ಕತ್ತಿಯ ಹಿಡಿ ಬಾಯಿಗೆ ಹೋಗುತ್ತದೆ. ಮೆಣಸು ಕೊಯ್ಯುವಾಗ ಚೀಲದ ಹಗ್ಗ ಬಾಯಲ್ಲಿ. ಗೋಣಿ ಹೊಲಿಯುವಾಗ ದಬ್ಬಣದಿಂದ ಕೊನೆಯ ಹೊಲಿಗೆ ಎಳೆದು ಗಂಟು ಹಾಕಿ, ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ತಲೆ ಪಕ್ಕಕ್ಕೆ ಒಗೆದರೆ ಹುರಿ ಪಟ್ಟನೆ ತುಂಡಾಗುತ್ತದೆ. ಪಕ್ಕದಲ್ಲೇ ಕತ್ತಿ ಬಿದ್ದಿರುತ್ತದೆ, ಅದನ್ನು ಎತ್ತಿಕೊಳ್ಳುವುದು ಸೋಮಾರಿಯ ಕೆಲಸ ಎಂದು ನಮ್ಮ ಲೆಕ್ಕ. ಚೀಲ ಬೆನ್ನಿಗೆ ಬೀಳುವ ಹೊತ್ತಿಗೆ ದವಡೆ ಬಿಗಿಯಬೇಕು, ಇಲ್ಲದಿದ್ದರೆ ಸೊಂಟ ಜಾರುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಬಿಗಿದೆ. ಚೀಲ ಇಳಿಸಿದ ಮೇಲೆ ಸಡಿಲ ಬಿಡಬೇಕು ಎಂದು ಅಪ್ಪನಿಗೂ ಯಾರೂ ಹೇಳಿರಲಿಲ್ಲ, ಅವನು ನನಗೂ ಹೇಳಲಿಲ್ಲ.

ಸುಮ್ಮನೆ ಇರುವಾಗಲೂ ದವಡೆಗೆ ಬಿಡುವು ಕೊಟ್ಟವನಲ್ಲ. ಕೊಯ್ಲಿನ ಕಾಲದಲ್ಲಿ ಮಧ್ಯಾಹ್ನ ಕಣದ ಕಟ್ಟೆಯ ಮೇಲೆ ಕೂತು, ಬಲಗೈ ಮುಷ್ಟಿಯ ಮೇಲೆ ಗಲ್ಲ ಊರಿ, ಚಾರ್ಮಾಡಿ ದಿಕ್ಕಿನಿಂದ ಮೋಡ ಏಳುತ್ತದೆಯೋ ಎಂದು ನೋಡುತ್ತಿರುವುದು ನನ್ನ ರೂಢಿ. ಮೋಡ ಎದ್ದರೆ ಟಾರ್ಪಲ್ ಹೊದಿಸಬೇಕಲ್ಲ. ಮಲಗುವಾಗಲೂ ಅದೇ ಬಲಮಗ್ಗುಲು, ಕೆನ್ನೆಯ ಕೆಳಗೆ ಅದೇ ಮುಷ್ಟಿ. ತಿನ್ನುವುದು ಬಲಗಡೆಯಲ್ಲಿ, ಎಲೆಅಡಿಕೆ ಬಲಗಡೆಯಲ್ಲಿ. ಎಡಗಡೆಯ ಹಲ್ಲುಗಳು ಸಂಬಳ ತಗೊಂಡು ಸುಮ್ಮನೆ ಕೂತ ಆಳುಗಳ ಹಾಗೆ ಇದ್ದವು.

"ನಿದ್ದೇಲಿ ನೀವು ಹಲ್ಲು ಕಡೀತೀರಿ" ಎಂದು ಹೆಂಡತಿ ಬೆಳಿಗ್ಗೆ ಬೆಳಿಗ್ಗೆ ಹೇಳುತ್ತಿದ್ದಳು. "ಹಿಟ್ಟಿನ ಗಿರಣಿ ಪಕ್ಕ ಮಲಗಿದ ಹಾಗಾಗ್ತದೆ ನಂಗೆ."

"ಗಿರಣಿ ಇದ್ದ ಮನೇಲಿ ಹಿಟ್ಟಿಗೆ ಬರ ಇಲ್ಲ ಬಿಡು" ಎಂದು ನಾನು ನಕ್ಕುಬಿಡುತ್ತಿದ್ದೆ.

ಮೊದಲು ಶುರುವಾದದ್ದು ಸದ್ದು. ಅಕ್ಕಿರೊಟ್ಟಿ ತಿನ್ನುವಾಗ ಬಲಗಿವಿಯ ಹತ್ತಿರ ಟಿಕ್ ಎಂದು ಕೇಳುತ್ತಿತ್ತು. ನನಗೆ ಮಾತ್ರ ಕೇಳುವುದು ಎಂದುಕೊಂಡಿದ್ದೆ. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು.

"ಅದೇನ್ರೀ ಸದ್ದು? ಬಾಯೊಳಗೆ ಗೆಜ್ಜೆ ಕಟ್ಕೊಂಡಿದೀರಾ?"

ನಮ್ಮ ಮಗಳು ಮೂಡಿಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳು ನಗಲಿಲ್ಲ. "ಅಪ್ಪ, ನೀನು ಬಾಯಿ ತೆಗೆಯೋವಾಗ ಗಲ್ಲ ಒಂದು ಕಡೆಗೆ ಜಾರ್ತದೆ. ಕನ್ನಡೀಲಿ ನೋಡ್ಕೋ" ಅಂದಳು. ನಾನು ನೋಡಿಕೊಳ್ಳಲಿಲ್ಲ. ಮೀಸೆ ಕತ್ತರಿಸುವಾಗ ಬಿಟ್ಟರೆ ಕನ್ನಡಿಯ ಮುಂದೆ ನಿಲ್ಲುವ ಅಭ್ಯಾಸ ನನಗಿಲ್ಲ.

ಆಮೇಲೆ ನೋವು ಬಂತು. ಅದು ಹಲ್ಲಿಗೆ ಬರಲಿಲ್ಲ, ಕಿವಿಗೆ ಬಂತು. ಇದೇ ನನ್ನನ್ನು ದಾರಿ ತಪ್ಪಿಸಿದ್ದು. ಬೆಳಿಗ್ಗೆ ಎದ್ದರೆ ಬಲಗಿವಿಯೊಳಗೆ ಯಾರೋ ಬೆರಳು ಇಟ್ಟು ಒತ್ತಿದ ಹಾಗೆ, ಅದರ ಜೊತೆಗೆ ಕಪಾಲದಲ್ಲಿ ಒಂದು ಎಳೆತ. ಚಳಿಗಾಳಿ ಹೊಕ್ಕಿದೆ ಎಂದು ಕಿವಿಗೆ ಹತ್ತಿ ಇಟ್ಟುಕೊಂಡು, ಮೇಲೆ ಮಫ್ಲರ್ ಸುತ್ತಿಕೊಂಡು ಕಣಕ್ಕೆ ಹೋದೆ. ಹೆಂಡತಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಬಿಟ್ಟಳು. ಕೊಟ್ಟಿಗೆಹಾರದ ಮೆಡಿಕಲ್ ಶಾಪಿನಿಂದ ತೊಟ್ಟು ಬಿಡುವ ಔಷಧಿ ತಂದು ಬಿಟ್ಟಾಯಿತು. ಒಂದು ಕೊಯ್ಲು ಪೂರ್ತಿ ನಾನು ಕಿವಿಗೆ ಔಷಧಿ ಮಾಡಿದೆ. ಆ ಕೊಯ್ಲು ಪೂರ್ತಿ ಬೀಜವನ್ನೂ ಕಚ್ಚಿದೆ. ಕಚ್ಚಿದ ಸಂಜೆ ಕಿವಿ ಜಾಸ್ತಿ ನೋಯುತ್ತಿತ್ತು. ಎರಡಕ್ಕೂ ಸಂಬಂಧ ಇದೆ ಎಂದು ಹೊಳೆಯಲಿಲ್ಲ. ಕಣದಲ್ಲಿ ಗಾಳಿ ಜಾಸ್ತಿ, ಅದಕ್ಕೇ ನೋವು ಎಂದುಕೊಂಡೆ. ಆಗಲೇ ಯಾರಿಗಾದರೂ ಬಾಯಿ ತೆರೆದು ತೋರಿಸಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಮರುವರ್ಷದ ಕೊಯ್ಲು ಶುರುವಾಗಿತ್ತು. ಒಂದು ಬೆಳಿಗ್ಗೆ ಎದ್ದು ಬಾಯಿ ತೊಳೆಯಲು ಹೋದರೆ ಬ್ರಷ್ ಒಳಗೆ ಹೋಗಲೊಲ್ಲದು. ಬಾಯಿ ಒಂದು ಬೆರಳಿನಷ್ಟು ತೆರೆದು ಅಲ್ಲೇ ನಿಂತುಬಿಟ್ಟಿತು. ಒಳಗಿನಿಂದ ಯಾರೋ ಅಗುಳಿ ಹಾಕಿಕೊಂಡಿದ್ದಾರೆ ಅನ್ನಿಸಿತು. ಬಲ ಹಾಕಿ ತೆರೆಯಲು ನೋಡಿದೆ, ಕಿವಿಯ ಮುಂದೆ ಬೆಂಕಿ ಇಟ್ಟ ಹಾಗಾಯಿತು. ಸದ್ದು ಮಾತ್ರ ಇರಲಿಲ್ಲ. ಎಷ್ಟೋ ದಿನದಿಂದ ಇದ್ದ ಟಿಕ್ ಅನ್ನುವ ಸದ್ದು ಆವತ್ತು ನಿಂತೇಹೋಗಿತ್ತು. ಸದ್ದು ಹೋಯಿತಲ್ಲ, ವಾಸಿಯಾಗುವ ಲಕ್ಷಣ ಇರಬಹುದು ಎಂದು ಒಂದು ಗಳಿಗೆ ಸಮಾಧಾನವೂ ಆಯಿತು. ಅಷ್ಟು ಬುದ್ಧಿ ನನ್ನದು.

ಹೆಂಡತಿ ರೊಟ್ಟಿ ತಟ್ಟಿ ಇಟ್ಟಿದ್ದಳು. ಚೂರು ಮುರಿದು ತುಟಿಯ ನಡುವೆ ತುರುಕಿದೆ. ಅಗಿಯಲು ಆಗಲಿಲ್ಲ.

"ಗಂಜಿ ಇದ್ರೆ ಕೊಡು" ಅಂದೆ. ಮಾತು ಹಲ್ಲಿನ ಸಂದಿಯಿಂದ ಹೊರಗೆ ಬಂತು.

"ಗಂಜಿ ಆಮೇಲೆ. ಮೊದ್ಲು ಅಂಗಿ ಹಾಕ್ಕೊಳ್ಳಿ, ಮೂಡಿಗೆರೆಗೆ ಹೋಗೋಣ."

"ಕಣದಲ್ಲಿ ಬೀಜ ಹರಡಿದೆ ಮಾರಾಯ್ತಿ."

"ಹರಡಿದ ಬೀಜ ಎದ್ದು ಓಡ್ತದಾ? ನಿಮ್ಮ ಬಾಯಿ ಬಿದ್ದುಹೋದ್ರೆ ಯಾವ ಬೀಜ ಕಚ್ತೀರಿ?"

ಮಗಳು ಹೋಗುವ ಬಸ್ಸಿನಲ್ಲೇ ಮೂವರೂ ಹೋದೆವು. ಅವಳ ಅಂಗಡಿಯ ಹತ್ತಿರವೇ ಹಲ್ಲಿನ ಡಾಕ್ಟರ್ ಒಬ್ಬರು ಇದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮನ್ನು ಒಳಗೆ ಬಿಟ್ಟು ಮಗಳು ಕೆಲಸಕ್ಕೆ ಹೋದಳು. ನನಗೆ ಆ ಕುರ್ಚಿಯಲ್ಲಿ ಒರಗಿ ಮಲಗುವುದೇ ಮುಜುಗರ. ಕೆಲಸದ ದಿನ ಬೆಳ್ಳಂಬೆಳಿಗ್ಗೆ ಕಾಲು ಚಾಚಿ ಮಲಗಿ ಅಭ್ಯಾಸವಿಲ್ಲ.

"ನಿಮ್ಮದೇ ಮೂರು ಬೆರಳು ಜೋಡಿಸಿ, ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮಧ್ಯೆ ಇಡಿ ನೋಡೋಣ" ಅಂದರು ಡಾಕ್ಟರು.

ಒಂದು ಬೆರಳು ಹೋಯಿತು. ಎರಡನೆಯದನ್ನು ತುರುಕಲು ಹೋದಾಗ ಅವರೇ ಕೈ ಹಿಡಿದರು.

"ಮೂರು ಹೋಗಬೇಕು. ಅದು ಸರಿಯಾದ ಬಾಯಿ. ಸಾಕು, ಒತ್ತಬೇಡಿ. ಏನು ಕೆಲಸ ಮಾಡ್ತೀರಿ?"

ನಾನು ಕಣದ ಕೆಲಸ ಹೇಳಿದೆ. ಹೇಳುವಾಗ ನೋವಿನಲ್ಲೂ ಸ್ವಲ್ಪ ಎದೆ ಉಬ್ಬಿಸಿದ್ದೆ ಎಂದು ಕಾಣುತ್ತದೆ.

"ದಿನಕ್ಕೆ ಎಷ್ಟು ಬೀಜ ಕಚ್ತೀರಿ?"

"ಲೆಕ್ಕ ಇಟ್ಟೋರ್ಯಾರು ಡಾಕ್ಟ್ರೇ? ಬೀಜ ಕೇಳಿದಷ್ಟು."

"ಎರಡೂ ಕಡೆ ಕಚ್ತೀರಾ?"

"ಎಡಗಡೇಗೆ ಹದ ಗೊತ್ತಾಗಲ್ಲ."

ಹೆಂಡತಿ ಮೂಲೆಯ ಸ್ಟೂಲಿನಿಂದ ಎದ್ದೇ ಬಂದಳು. "ಅದೊಂದೇ ಅಲ್ಲ ಡಾಕ್ಟ್ರಮ್ಮ. ಗೋಣಿ ಹುರಿ ಕಡಿಯೋದು ಹಲ್ಲಲ್ಲಿ, ಕತ್ತಿ ಹಿಡಿಯೋದು ಹಲ್ಲಲ್ಲಿ. ಸೋಡಾ ಬಾಟ್ಲಿ ಮುಚ್ಚಳ ತೆಗೆದು ಮದುವೆ ಮನೇಲಿ ಶಹಬ್ಬಾಸ್ ಅನ್ನಿಸ್ಕೊಂಡಿದಾರೆ. ರಾತ್ರಿ ಹಲ್ಲು ಕಡಿಯೋದು ಇವ್ರಿಗೆ ಗೊತ್ತಿಲ್ಲ, ಅದನ್ನ ನಾನೇ ಹೇಳ್ತೀನಿ."

ಡಾಕ್ಟರು ನಕ್ಕರು. ನನ್ನ ಎರಡೂ ಕೆನ್ನೆಗಳನ್ನು ಬೆರಳಿನಿಂದ ಒತ್ತಿ ನೋಡಿದರು. ಬಲಗಡೆಯ ಮಾಂಸ ಗಟ್ಟಿಯಾಗಿ ದಪ್ಪಗಾಗಿದೆ, ಎಡಗಡೆಯದು ತೆಳುವಾಗಿದೆ ಅಂದರು. ನನ್ನ ಬೆರಳನ್ನೇ ಹಿಡಿದು ಕಿವಿಯ ಮುಂದೆ ಇಟ್ಟು, "ಇಲ್ಲಿ ಒಂದು ಕೀಲು ಇದೆ, ಬಾಗಿಲಿನ ತಿರುಗಣೆ ತರ. ನಿಮ್ಮ ಕಿವೀಲಿ ಏನೂ ಇಲ್ಲ. ನೋಯ್ತಾ ಇರೋದು ಇದು" ಅಂದರು. ಅಷ್ಟು ವರ್ಷದಿಂದ ನನ್ನ ಮುಖದಲ್ಲಿ ಆಡುತ್ತಿದ್ದ ಕೀಲು ಎಲ್ಲಿದೆ ಎಂದು ನನಗೆ ಆವತ್ತು ತಿಳಿಯಿತು.

ಆಮೇಲೆ ಅವರು ಕೇಳಿದ ಒಂದು ಪ್ರಶ್ನೆ ಇವತ್ತಿಗೂ ಮನಸ್ಸಿನಲ್ಲಿದೆ.

"ಏನೂ ಮಾಡದೆ ಸುಮ್ಮನೆ ಕೂತಿರ್ತೀರಲ್ಲ, ಆಗ ನಿಮ್ಮ ಹಲ್ಲು ಹೇಗಿರ್ತವೆ?"

"ಹೇಗಿರ್ತವೆ ಅಂದ್ರೆ? ಒಂದ್ರ ಮೇಲೊಂದು ಕೂತಿರ್ತವೆ."

"ಕೂತಿರಬಾರದು. ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. ತಿನ್ನೋವಾಗ, ನುಂಗೋವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗೋ ಅಗತ್ಯವೇ ಇಲ್ಲ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ತುಟಿ ಮುಚ್ಚಿಕೊಂಡು ತನ್ನ ಬಾಯೊಳಗೆ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ನನಗೂ ಬಿಡಲು ನೋಡಿದರೆ ಬರಲೇ ಇಲ್ಲ. ಬಿಟ್ಟೆ ಅನ್ನುವಷ್ಟರಲ್ಲಿ ತಾವೇ ಹೋಗಿ ಕೂಡಿಕೊಳ್ಳುತ್ತಿದ್ದವು. ಬಿಗಿ ಹಿಡಿಯುವುದೇ ಗಂಡಸಿನ ಲಕ್ಷಣ ಎಂದು ನಂಬಿಕೊಂಡಿದ್ದವನಿಗೆ ಬಿಡುವುದನ್ನು ಕಲಿಯುವುದು ಚೀಲ ಹೊರುವುದಕ್ಕಿಂತ ಕಷ್ಟವಾಯಿತು.

ಫೋಟೋ ತೆಗೆದು ನೋಡಿ, ಬಲಗಡೆಯ ಕೊನೆಯ ದವಡೆಹಲ್ಲಿನಲ್ಲಿ ಸಣ್ಣ ಬಿರುಕು ಇದೆ ಅಂದರು. ಬಾಯಿ ಸ್ವಲ್ಪ ತೆರೆದ ಮೇಲೆ ಬಂದರೆ ಕ್ಯಾಪ್ ಹಾಕಿ ಉಳಿಸಬಹುದು. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳಲು ಒಂದು ಅಚ್ಚನ್ನೂ ಮಾಡಿಕೊಡುತ್ತಾರೆ. ಅಲ್ಲಿಯವರೆಗೆ ಮೆತ್ತನೆ ಊಟ, ಕೆನ್ನೆಗೆ ಬಿಸಿನೀರಿನ ಬಟ್ಟೆಯ ಶಾಖ, ಆಕಳಿಕೆ ಬಂದರೆ ಗಲ್ಲಕ್ಕೆ ಕೈ ಆನಿಸಿಕೊಳ್ಳುವುದು. ಮುಷ್ಟಿಯ ಮೇಲೆ ಗಲ್ಲ ಊರಬಾರದು. ಬೀಜ ಕಚ್ಚಬಾರದು.

"ಈ ಕೊಯ್ಲು ಒಂದು ಮುಗೀಲಿ ಡಾಕ್ಟ್ರೇ" ಅಂದೆ.

ಅವರು ಕೈಗವಸು ಬಿಚ್ಚುತ್ತಾ ನನ್ನ ಮುಖ ನೋಡಿದರು. "ಬೀಜ ನೋಡೋಕೆ ಬೇರೆ ದಾರಿ ಇರಬಹುದು. ಊಟ ಮಾಡೋಕೆ ನಿಮಗೆ ಇದೊಂದೇ ಬಾಯಿ. ಈಗಲೇ ಬಿಟ್ಟರೆ ಮೂರು ಬೆರಳಿಗೆ ಬರುತ್ತೆ. ಆಮೇಲೆ ಬಿಟ್ಟರೆ ನಾನು ಮಾತು ಕೊಡಲ್ಲ."

ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ಕೇಳಿಸಲಿಲ್ಲ ಅನ್ನುವ ಹಾಗಿಲ್ಲ, ಕಿವಿ ಸರಿಯಾಗಿಯೇ ಇದೆ ಎಂದು ಅವರೇ ಹೇಳಿದ್ದರಲ್ಲ.

ಸ್ವಲ್ಪ ದಿನ ಹೇಳಿದ ಹಾಗೆ ನಡೆದುಕೊಂಡೆ. ಹೆಂಡತಿ ಅನ್ನವನ್ನು ಮುದ್ದೆಯಾಗುವಷ್ಟು ಬೇಯಿಸಿ ಸಾರು ಹಾಕಿ ಕಿವುಚಿ ಕೊಡುತ್ತಿದ್ದಳು. ಕಡುಬನ್ನು ಸಾರಿನಲ್ಲಿ ನೆನೆಸಿ ಇಡುತ್ತಿದ್ದಳು. ಬೆಳಿಗ್ಗೆ ಸಂಜೆ ಕೆನ್ನೆಗೆ ಶಾಖ. ಮಗಳು ಮನೆಯಲ್ಲಿದ್ದಾಗಲೆಲ್ಲ, "ಅಪ್ಪ, ಹಲ್ಲು ಬಿಡು" ಅನ್ನುತ್ತಿದ್ದಳು. ನನ್ನ ಕಪಾಲದ ನರ ಉಬ್ಬಿದ್ದು ನೋಡಿದರೆ ಅವಳಿಗೆ ಗೊತ್ತಾಗುತ್ತಿತ್ತಂತೆ. ದಿನ ಹೋದಂತೆ ಎರಡು ಬೆರಳು ಸಲೀಸಾಗಿ ಹೋಗತೊಡಗಿದವು. ಮೂರನೆಯದರ ಉಗುರಿನ ತುದಿ ತಾಗುತ್ತಿತ್ತು. ಹೆಂಡತಿ ಒಂದು ದಿನ ರೊಟ್ಟಿಯ ಮೆತ್ತನೆಯ ನಡುಭಾಗ ಹರಿದು ಕೊಟ್ಟಳು. ಎಡಗಡೆಯಲ್ಲಿ ಅಗಿದು ತಿಂದೆ. "ಬಂತಲ್ಲ ದಾರಿಗೆ" ಎಂದು ಅವಳು ನನ್ನ ಬೆನ್ನಿಗೆ ಗುದ್ದಿದಳು. ಆವತ್ತು ಅವಳ ಮುಖ ಹೇಗಿತ್ತು ಎಂದು ನೆನಪಿದೆ.

ಕಣಕ್ಕೆ ಮತ್ತೆ ಹೋದಾಗ ಅಲ್ಲಿ ಮೀಟರ್ ಬಂದಿತ್ತು. ಒಂದು ಬಟ್ಟಲಿಗೆ ಬೀಜ ಸುರಿದು ಗುಂಡಿ ಒತ್ತಿದರೆ ತೇವ ಎಷ್ಟಿದೆ ಎಂದು ತೋರಿಸುವ ಯಂತ್ರ. ನಾನು ಇಲ್ಲದ ದಿನಗಳಲ್ಲಿ ತೋಟದ ಸಾಹುಕಾರರು ತಂದಿದ್ದರು. ತಪ್ಪೇನಿಲ್ಲ, ಬೀಜ ಕಾಯುತ್ತಾ ಕೂರುವುದಿಲ್ಲ. ಅವರು ನನ್ನನ್ನು ಕಂಡು, "ನೀನು ಹುಷಾರಾಗು ಮಾರಾಯ, ಅದು ಇರಲಿ ಒಂದು ಕಡೆ" ಎಂದು ಮರ್ಯಾದೆಯಿಂದಲೇ ಹೇಳಿದರು. ನಾನು ಮರದ ಗೋರೆ ಹಿಡಿದು ಬೀಜ ತಿರುವುವ ಕೆಲಸಕ್ಕೆ ನಿಂತೆ.

ಆದರೆ ಒಳಗೆ ಒಂದು ಉರಿ ಇತ್ತು. ಕೆಲಸದವರು ನನ್ನ ಪಕ್ಕದಿಂದಲೇ ಹಾದು ಹೋಗಿ ಯಂತ್ರದ ಹತ್ತಿರ ನಿಂತು, "ಎಷ್ಟು ಬಂತು ರೈಟ್ರೇ?" ಎಂದು ಕೇಳುತ್ತಿದ್ದರು. ನಮ್ಮ ರೈಟರು ನನ್ನ ವಾರಿಗೆಯವರು, ತಮಾಷೆಯ ಮನುಷ್ಯ. ತೋಟದ ಲೆಕ್ಕಪತ್ರದ ಜೊತೆ ಈಗ ಯಂತ್ರದ ಯಜಮಾನಿಕೆಯೂ ಅವರದೇ ಆಗಿತ್ತು.

ಕೊಯ್ಲಿನ ಕೊನೆಯ ದಿನಗಳಲ್ಲಿ ಒಂದು ಸಂಜೆ ಚಾರ್ಮಾಡಿ ಕಡೆ ಮೋಡ ಕಟ್ಟಿತು. ಅಕಾಲದ ಮಳೆ. ಕಣದಲ್ಲಿ ಕೊನೆಯ ರಾಶಿ ಇತ್ತು. ಈಗಲೇ ಚೀಲಕ್ಕೆ ತುಂಬುವುದೋ, ಟಾರ್ಪಲ್ ಹೊದಿಸಿ ಮತ್ತೆ ಬಿಸಿಲಿಗೆ ಕಾಯುವುದೋ ಎಂದು ತೀರ್ಮಾನ ಆಗಬೇಕು. ಸಾಹುಕಾರರು ಜೀಪಿನಿಂದ ಇಳಿದು ಓಡಿ ಬಂದರು. ರೈಟರು ಬಟ್ಟಲು ತುಂಬಿ ಗುಂಡಿ ಒತ್ತಿದರು. "ಆಗಿದೆ ಸಾವ್ಕಾರ್ರೇ, ತುಂಬಿಸ್ಬೋದು" ಅಂದರು. ಎಲ್ಲರೂ ಚೀಲ ತರಲು ಹೊರಟರು. ಅಷ್ಟರಲ್ಲಿ ರೈಟರು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

"ಏನು ಮಾರಾಯ, ನಿನ್ನ ಮೀಟರ್ ರಿಪೇರಿಗೆ ಹೋಗಿತ್ತಲ್ಲ, ವಾಪಸ್ ಬಂತಾ? ಇಲ್ಲಾ ಬ್ಯಾಟರಿ ಸಿಕ್ಕಿಲ್ವಾ?"

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನ ನಗು ಅಲ್ಲ. ಬೇರೆ ದಿನ ಆಗಿದ್ದರೆ ನಾನೂ ನಗುತ್ತಿದ್ದೆ, ಒಂದಕ್ಕೆ ಎರಡು ಸೇರಿಸಿ ತಿರುಗಿ ಹೇಳುತ್ತಿದ್ದೆ. ಆವತ್ತು ಬಗ್ಗಿ ರಾಶಿಯಿಂದ ಒಂದು ಬೀಜ ಎತ್ತಿ, ಹೊಟ್ಟು ಉಜ್ಜಿ, ಬಾಯಿಗೆ ಹಾಕಿಕೊಂಡೆ. ಎಡಗಡೆಗೆ ಹಾಕಿಕೊಳ್ಳಬೇಕು ಎಂದು ಅನ್ನಿಸಿತು. ಎಡಗಡೆಗೆ ಹದ ಗೊತ್ತಾಗುವುದಿಲ್ಲ ಎಂದೂ ಅನ್ನಿಸಿತು. ಇಷ್ಟು ಜನರ ಎದುರು ತಪ್ಪು ಹೇಳುವುದಕ್ಕಿಂತ ನೋವು ವಾಸಿ. ಬಲಗಡೆಗೆ ದಾಟಿಸಿ ಕಚ್ಚಿದೆ.

ಬೀಜ ಎದುರು ನಿಂತಿತು, ಆಮೇಲೆ ಎರಡಾಯಿತು. ಅದರ ಜೊತೆಗೇ ನನ್ನ ಹಲ್ಲೂ ಎರಡಾಯಿತು. ಸದ್ದು ತಲೆಯ ಒಳಗೆ ಕೇಳಿಸಿತು. ಕಣ್ಣಿಗೆ ಕತ್ತಲೆ ಬಂದು ಕಟ್ಟೆ ಹಿಡಿದು ಕೂತೆ. ಉಗಿದಾಗ ಬೀಜದ ಚೂರಿನ ಜೊತೆ ರಕ್ತವೂ ಬಿತ್ತು.

"ಏನಾಯ್ತೋ?" ಎಂದು ಸಾಹುಕಾರರು ಕೂಗಿದರು.

ನಾನು ಹೇಳಿದ ಮಾತು, "ಹದ ಆಗಿದೆ" ಎಂದು.

ಅದು ಎಲ್ಲರಿಗೂ ಗೊತ್ತಿತ್ತು. ಯಂತ್ರ ಆಗಲೇ ಹೇಳಿತ್ತು, ಚೀಲಗಳು ಆಗಲೇ ಬಂದಿದ್ದವು. ನನ್ನ ಹಲ್ಲು ಹೇಳುವುದಕ್ಕೆ ಅಲ್ಲಿ ಯಾವ ಮಾತೂ ಉಳಿದಿರಲಿಲ್ಲ. ಬೀಜ ಹಸಿ ಇದ್ದು ಯಂತ್ರ ತಪ್ಪು ಹೇಳಿದ್ದರೆ, ಹಲ್ಲು ಕೊಟ್ಟು ಒಂದು ರಾಶಿ ಉಳಿಸಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಅದೂ ಇಲ್ಲ. ರೈಟರು ಗಾಬರಿಯಾಗಿ ನೀರು ತಂದು ಕೊಟ್ಟರು. "ತಮಾಷೆಗೆ ಅಂದ್ನಲ್ಲೋ ಮಾರಾಯ, ಇಷ್ಟಕ್ಕೆಲ್ಲ..." ಎಂದು ನನ್ನ ಭುಜ ಹಿಡಿದು ನಿಂತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾರೂ ನನ್ನ ಬಾಯಿ ಹಿಡಿದು ತೆರೆದು ಬೀಜ ಹಾಕಿರಲಿಲ್ಲ.

ಹಲ್ಲು ಬೇರಿನವರೆಗೆ ಸೀಳಿತ್ತು. ಕ್ಯಾಪಿಗೆ ಇನ್ನು ಜಾಗವಿಲ್ಲ, ಕೀಳಬೇಕು ಅಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸರಿಯಾಗಿ ತೆರೆಯದ ಬಾಯಿಯಲ್ಲಿ ಕೊನೆಯ ಹಲ್ಲು ಕೀಳುವುದೆಂದರೆ ಅವರಿಗೂ ಕಷ್ಟ, ನನಗೂ ಕಷ್ಟ. ಬಹಳ ಹೊತ್ತು ಹಿಡಿಯಿತು. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಬಾಯಿಗೆ ಹತ್ತಿ ಕಚ್ಚಿಕೊಂಡು ಹೊರಗೆ ಬಂದಾಗ ಅವಳು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ಬಸ್ಸು ಹೊರಟ ಮೇಲೆ ಕಿಟಕಿಯ ಹೊರಗೆ ನೋಡುತ್ತಾ, "ನಿಮ್ಗೆ ಅಲ್ಲಿ ಯಾರು ಏನು ಕೊಡ್ತಿದ್ರು, ಆ ಒಂದು ಬೀಜಕ್ಕೆ?" ಅಂದಳು. ಹತ್ತಿ ಇದ್ದದ್ದರಿಂದ ಉತ್ತರ ಕೊಡಬೇಕಾಗಲಿಲ್ಲ.

ಆಮೇಲೆ ಎಷ್ಟು ಶಾಖ ಕೊಟ್ಟರೂ, ಡಾಕ್ಟರು ತೋರಿಸಿದ ಹಾಗೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಾಯಿ ತೆರೆದು ಮುಚ್ಚಿ ಮಾಡಿದರೂ, ಬಾಯಿ ಎರಡು ಬೆರಳು ದಾಟಲಿಲ್ಲ. ಮಳೆಗಾಲ ಕಳೆಯಿತು. ಕೊನೆಯ ಸಲ ಹೋದಾಗ ಡಾಕ್ಟರು ಅಳತೆಪಟ್ಟಿ ಇಟ್ಟು ನೋಡಿ, "ಇದು ಹೀಗೇ ಇರುತ್ತೆ. ಇನ್ನು ಕಡಿಮೆ ಆಗದ ಹಾಗೆ ನೋಡ್ಕೊಳ್ಳೋಣ" ಅಂದರು.

ನಾನು ಕುರ್ಚಿಯಿಂದ ಇಳಿಯುತ್ತಾ, "ಎಡಗಡೆ ಹಲ್ಲಿಗೆ ನಿಧಾನವಾಗಿ ಕಲಿಸಿದ್ರೆ ಹೇಗೆ ಡಾಕ್ಟ್ರೇ? ದಿನಕ್ಕೆ ಒಂದೇ ಬೀಜ" ಅಂದೆ.

ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಆ ಕಡೆಯದೂ ಹೋಗಬೇಕಾ ನಿಮಗೆ?"

ಮನೆಯಲ್ಲಿ ಈಗ ಮೂವರೂ ಮೆತ್ತನೆಯದನ್ನೇ ತಿನ್ನುತ್ತೇವೆ. ರೊಟ್ಟಿ ಗರಿಯಾಗುವ ಮೊದಲೇ ಕಾವಲಿಯಿಂದ ಇಳಿಯುತ್ತದೆ. ಗರಿ ರೊಟ್ಟಿ ಹೆಂಡತಿಗೆ ಜೀವ ಎಂದು ನನಗೆ ಗೊತ್ತು. ನೀನಾದರೂ ತಿನ್ನು ಅಂದರೆ, "ಒಬ್ಳಿಗೆ ಬೇರೆ ಯಾರು ಸುಡ್ತಾ ಕೂರ್ತಾರೆ" ಅನ್ನುತ್ತಾಳೆ. ನೆಂಟರ ಮನೆಯ ಊಟಕ್ಕೆ ನಾನು ಹೋಗುವುದು ಕಡಿಮೆ. ಕೋಳಿಯ ತುಂಡನ್ನು ಬೆರಳಿನಲ್ಲಿ ಎಳೆ ಎಳೆಯಾಗಿ ಬಿಡಿಸಿ ಬಾಯಿಗೆ ತಳ್ಳುವುದನ್ನು ಜನ ನೋಡುತ್ತಾರೆ, ನೋಡಿಲ್ಲ ಎನ್ನುವ ಹಾಗೆ ಮುಖ ತಿರುಗಿಸುತ್ತಾರೆ. ಬೆಳಗಿನಿಂದ ಸಂಜೆವರೆಗೆ ಯಾರ ಸಮಕ್ಕೂ ಕೆಲಸ ಮಾಡಬಲ್ಲೆ, ಇವತ್ತಿಗೂ. ಊಟದ ಎಲೆಯ ಮುಂದೆ ಮಾತ್ರ ಎಲ್ಲರಿಗಿಂತ ಕೊನೆಗೆ ಏಳುತ್ತೇನೆ.

ಈ ಸಲದ ಕೊಯ್ಲು ಶುರುವಾಗಿದೆ. ಮೊನ್ನೆ ಮೊದಲ ರಾಶಿ ಹದಕ್ಕೆ ಬರುವ ಹೊತ್ತಿಗೆ ಸಾಹುಕಾರರು ಕಣಕ್ಕೆ ಬಂದರು. ಫೋನಿನಲ್ಲಿ ಯಾರ ಜೊತೆಗೋ ಮಾತನಾಡುತ್ತಲೇ, ಹಳೆಯ ರೂಢಿಯಲ್ಲಿ ಬಗ್ಗಿ ಒಂದು ಹಿಡಿ ಬೀಜ ಎತ್ತಿ ನನ್ನ ಮುಂದೆ ಚಾಚಿದರು. ಚಾಚಿದ ಮೇಲೆ ಅವರಿಗೇ ನೆನಪಾಯಿತು. ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಆಗದೆ, ಬೀಜ ಕೆಳಗೆ ಸುರಿಯಲೂ ಆಗದೆ, ಫೋನು ಕಿವಿಯಲ್ಲಿಟ್ಟುಕೊಂಡೇ ನಿಂತರು. ಹಿರಿಯ ಮನುಷ್ಯ, ಅವರನ್ನು ಹಾಗೆ ನಿಲ್ಲಿಸಬಾರದು ಅನ್ನಿಸಿತು.

"ಕೊಡಿ ಸಾವ್ಕಾರ್ರೇ" ಎಂದು ಎರಡೂ ಕೈಯೊಡ್ಡಿ ಬೀಜ ಇಸಿದುಕೊಂಡೆ. ರೈಟರು ಆಫೀಸಿನಲ್ಲಿದ್ದರು. ನಾನೇ ನಡೆದು ಹೋಗಿ ಬೀಜವನ್ನು ಯಂತ್ರದ ಬಟ್ಟಲಿಗೆ ಸುರಿದೆ. ಯಾವ ಗುಂಡಿ ಒತ್ತಬೇಕು ಎಂದು ನನಗೆ ಗೊತ್ತಿರಲಿಲ್ಲ. ರೈಟರನ್ನು ಕೂಗಿ ಕರೆದೆ. ಅವರು ಬರುವವರೆಗೆ ಯಂತ್ರದ ಪಕ್ಕದಲ್ಲಿ ನಿಂತಿದ್ದೆ.